ಎರಡನೇ ದೊಡ್ಡ ಊರು ಎಂಬ ಹುಸಿ ಜಗಳ

ಪುಣೆಯಲ್ಲೋ ಚೆನ್ನೈಯಲ್ಲೋ ನಾಲ್ಕು ಮಂದಿ ಕನ್ನಡಿಗರು ಊಟಕ್ಕೆ ಕೂತರೆ ಒಂದು ಪ್ರಶ್ನೆ ಏಳುತ್ತದೆ: ಬೆಂಗಳೂರು ಬಿಟ್ಟರೆ ಕರ್ನಾಟಕದ ದೊಡ್ಡ ನಗರ ಯಾವುದು? ಮೈಸೂರಿನವರು ಮೈಸೂರು ಎನ್ನುತ್ತಾರೆ, ಹುಬ್ಬಳ್ಳಿಯವರು ಹುಬ್ಬಳ್ಳಿ-ಧಾರವಾಡ ಎನ್ನುತ್ತಾರೆ. ಇಬ್ಬರ ಕೈಯಲ್ಲೂ 2011ರ ಜನಗಣತಿ. ತಮಾಷೆಯೆಂದರೆ ಇಬ್ಬರದೂ ಸರಿ. ಪಾಲಿಕೆಯ ಗಡಿಯೊಳಗೆ ಎಣಿಸಿದರೆ ಹುಬ್ಬಳ್ಳಿ-ಧಾರವಾಡ 9.4 ಲಕ್ಷ, ಮೈಸೂರು 9 ಲಕ್ಷದ ಆಸುಪಾಸು. ಗಡಿಗೆ ಅಂಟಿಕೊಂಡು ಬೆಳೆದ ಊರುಗಳನ್ನೂ ಸೇರಿಸಿ ನಗರ ಸಮೂಹವಾಗಿ ಎಣಿಸಿದರೆ ಮೈಸೂರು 9.9 ಲಕ್ಷ, ಹುಬ್ಬಳ್ಳಿ-ಧಾರವಾಡ ಇದ್ದಲ್ಲೇ ಇರುತ್ತದೆ. ಕಲಬುರಗಿಯದೂ ಇದೇ ಕಥೆ. ಪಾಲಿಕೆ ಲೆಕ್ಕದಲ್ಲಿ ಅದು ಮಂಗಳೂರು, ಬೆಳಗಾವಿಗಳಿಗಿಂತ ಮುಂದೆ, ಸಮೂಹದ ಲೆಕ್ಕದಲ್ಲಿ ಎರಡಕ್ಕಿಂತಲೂ ಹಿಂದೆ.

ಹುಬ್ಬಳ್ಳಿಯ ಅಂಕಿಯಾದರೂ ಒಂದೇ ಊರಿನದಲ್ಲ. ಸುಮಾರು 20 ಕಿಲೋಮೀಟರ್ ದೂರದ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಗೆ ಕಟ್ಟಿದ್ದರಿಂದ ಬಂದದ್ದು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಆಗಲಿ ಎಂದು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಒಬ್ಬನೂ ಮನೆ ಖಾಲಿ ಮಾಡದೆ ಹುಬ್ಬಳ್ಳಿ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ.

ಬೆಂಗಳೂರು ಹತ್ತು ವರ್ಷದಲ್ಲಿ ಇಮ್ಮಡಿಯಾಯಿತು ಎಂದು ಭಾಷಣ ಬಿಗಿಯುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. 2001ರಲ್ಲಿ ಪಾಲಿಕೆಯ ಜನ 43 ಲಕ್ಷ, 2011ರಲ್ಲಿ 84 ಲಕ್ಷ, ನಿಜ. ಆದರೆ ನಡುವೆ, 2007ರಲ್ಲಿ, ಏಳು ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಪಾಲಿಕೆ ನುಂಗಿತ್ತು. ಸಮೂಹದ ಲೆಕ್ಕ ಹಿಡಿದರೆ 57 ಲಕ್ಷ 85 ಲಕ್ಷವಾಯಿತು. ಅದೇನೂ ಸಣ್ಣ ಏರಿಕೆಯಲ್ಲ, ಆದರೆ ಇಮ್ಮಡಿಯೂ ಅಲ್ಲ.

ಇದು ಊಟದ ಹೊತ್ತಿನ ಹರಟೆಯಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. 15ನೇ ಹಣಕಾಸು ಆಯೋಗ 10 ಲಕ್ಷ ದಾಟಿದ ನಗರ ಸಮೂಹಗಳಿಗೆ ಗಾಳಿ, ಕುಡಿಯುವ ನೀರು, ನೈರ್ಮಲ್ಯದ ಹೆಸರಲ್ಲಿ ಬೇರೆಯೇ ನಿಧಿ ಇಟ್ಟಿತು. 2011ರ ಗಣತಿಯಲ್ಲಿ ಆ ಗೆರೆ ದಾಟಿದ್ದು ಕರ್ನಾಟಕದಿಂದ ಬೆಂಗಳೂರು ಒಂದೇ. ತಮಿಳುನಾಡಿನಿಂದ ನಾಲ್ಕು, ಮಹಾರಾಷ್ಟ್ರದಿಂದ ಆರು, ಪುಟ್ಟ ಕೇರಳದಿಂದ ಏಳು. ಮೈಸೂರು ತಪ್ಪಿಸಿಕೊಂಡದ್ದು ಹತ್ತು ಸಾವಿರದೊಳಗಿನ ಅಂತರದಲ್ಲಿ. ನಾಲ್ಕು ಬಡಾವಣೆಯ ಜನ ಅಷ್ಟೇ. ಉಳಿದ ಊರುಗಳಿಗೂ ಅನುದಾನವಿದೆ, ಆದರೆ ಅದು ಬೇರೆ ಸಾಲು.

ಕೇರಳದವರು ದೊಡ್ಡ ನಗರ ಕಟ್ಟಿದರೇ? ಮಲಪ್ಪುರಂ ನಗರಸಭೆಯೊಳಗೆ 2011ರಲ್ಲಿ ಇದ್ದದ್ದು ಒಂದು ಲಕ್ಷ ಜನ. ಸುತ್ತಲಿನ ಪಟ್ಟಣಗಳನ್ನೂ ಪಟ್ಟಣದಂತಾದ ಹಳ್ಳಿಗಳನ್ನೂ ಪೋಣಿಸಿದಾಗ ಸಮೂಹ 17 ಲಕ್ಷ ಮುಟ್ಟಿತು. ಮಲಪ್ಪುರಂ ಪೇಟೆಯಲ್ಲಿ ನಿಂತು ಇದು ಮೈಸೂರಿಗಿಂತ ದೊಡ್ಡದು ಎಂದರೆ ಅಲ್ಲಿನವರೇ ನಕ್ಕಾರು. ಕೇರಳದ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಊರಿಗೆ ಊರು ತಾಗಿಕೊಂಡೇ ಬೆಳೆದಿದೆ. ತಪ್ಪಿರುವುದು, ಒಂದೇ ಗೆರೆ ಎಳೆದು ಅದರಾಚೆಯದು ಮಹಾನಗರ, ಈಚೆಯದು ಸಾಮಾನ್ಯ ಊರು ಎನ್ನುವ ಪದ್ಧತಿಯಲ್ಲಿ.

2021ರಲ್ಲಿ ಗಣತಿ ನಡೆಯಲಿಲ್ಲ. ಹಾಗಾಗಿ ಹಳೆಯ ಅಂಕಿಯ ಮೇಲೆಯೇ ಹಣ ಹಂಚಿಕೆಯಾಯಿತು. ಮುಂದಿನದು 2027ಕ್ಕೆ ನಿಗದಿಯಾಗಿದೆ. ಮೈಸೂರು-ಹುಬ್ಬಳ್ಳಿಯ ಅಭಿಮಾನಿಗಳು ಪರಸ್ಪರ ಕೆಣಕುವುದು ಬಿಟ್ಟು, ತಮ್ಮ ತಮ್ಮ ಊರಿನ ಅಂಚಿನ ಯಾವ ಯಾವ ಬಡಾವಣೆ ಈ ಬಾರಿ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ವಿಧಾನಸೌಧವನ್ನು ಕೇಳಲಿ.