ಗೊಂಬೆಯೂ ಬಂಡಿಯೂ

ಮಗುವಿಗೆ ಆಟವೇ ಮೊದಲ ಪಾಠಶಾಲೆ. ಆಟಿಕೆಯೇ ಮೊದಲ ಪಠ್ಯಪುಸ್ತಕ. ಆ ಪುಸ್ತಕದಲ್ಲಿ ಏನು ಬರೆದಿದೆಯೆಂಬುದನ್ನು ಹಿರಿಯರಾದ ನಾವು ಓದಿ ನೋಡುವುದು ಅಪರೂಪ.

ಕೆಲವು ತಿಂಗಳ ಹಿಂದೆ ಮೊಮ್ಮಗಳೊಡನೆ ಬೆಳಗಾವಿಯ ಖಡೇಬಜಾರಿನ ಅಂಗಡಿಯೊಂದಕ್ಕೆ ಹೋಗಿದ್ದೆ. "ಆಟಿಕೆ ಹುಡುಗನಿಗೋ, ಹುಡುಗಿಗೋ?" ಎಂಬುದೇ ಅಂಗಡಿಯವರ ಮೊದಲ ಪ್ರಶ್ನೆ. ಒಂದು ಗೋಡೆಯ ತುಂಬ ಗುಲಾಬಿ ಬಣ್ಣದ ಪೆಟ್ಟಿಗೆಗಳು: ಗೊಂಬೆ, ಒಲೆ, ಪಾತ್ರೆ, ಕನ್ನಡಿ. ಎದುರು ಗೋಡೆಯಲ್ಲಿ ನೀಲಿ ಪೆಟ್ಟಿಗೆಗಳು: ಮೋಟಾರು, ವಿಮಾನ, ಕ್ರೇನು, ಬಂದೂಕು. ಮೊಮ್ಮಗಳು ಕ್ರೇನಿನತ್ತ ಕೈಚಾಚಿದಳು. "ಅದು ಹುಡುಗರದವ್ವಾ" ಎಂದರು ಅಂಗಡಿಯವರು. ಮಗು ಕೈಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಅವರನ್ನು ದೂರುವ ಅಧಿಕಾರ ನನಗಿಲ್ಲ. ಹಲವು ವರ್ಷಗಳ ಹಿಂದೆ ನಾನು ಖಾನಾಪುರದಲ್ಲಿ ಶಿಕ್ಷಕನಾಗಿದ್ದೆ. ಅದು ಕುಂಬಾರಿಕೆಗೆ ಹೆಸರಾದ ಊರು. ನಮ್ಮ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನೂ, ಆಷಾಢದ ಮಂಗಳವಾರಗಳಂದು ಗುಳ್ಳವ್ವನನ್ನೂ ಮಾಡಿ ಪೂಜಿಸುವುದುಂಟು. ಆ ದಿನಗಳಲ್ಲೊಮ್ಮೆ ತರಗತಿಯಲ್ಲಿ ಮಣ್ಣಿನ ಕೆಲಸ ಮಾಡಿಸಿದೆ. ಒಬ್ಬ ಹುಡುಗಿ ಗಾಲಿ ತಿರುಗುವ ಎತ್ತಿನ ಬಂಡಿಯನ್ನು ಮಾಡಿದಳು. ಅವಳ ಪಕ್ಕದ ಹುಡುಗ ಒಲೆ, ಗಡಿಗೆ, ರೊಟ್ಟಿಯ ಹಂಚು ಮಾಡಿದ. "ನಿಮ್ಮಿಬ್ಬರ ಆಟಿಕೆಗಳು ಅದಲುಬದಲಾಗಿವೆಯಲ್ಲ!" ಎಂದು ನಾನು ನಗೆಯಾಡಿದೆ. ತರಗತಿಯೆಲ್ಲ ನಕ್ಕಿತು. ಹುಡುಗ ತನ್ನ ಒಲೆಯನ್ನು ಹಿಸುಕಿ ಮತ್ತೆ ಮಣ್ಣಿನ ಮುದ್ದೆ ಮಾಡಿದ. ಆ ಮುದ್ದೆ ಇಂದಿಗೂ ನನ್ನ ಕಣ್ಣ ಮುಂದಿದೆ.

ಗಂಡು ಬಂಡಿಯನ್ನು, ಹೆಣ್ಣು ಗೊಂಬೆಯನ್ನು ಬಯಸುವುದು ಸಹಜವೇ ಅಲ್ಲವೇ ಎಂದು ಕೆಲವರು ಕೇಳುವರು. ಯಾವ ಮಗು ಯಾವುದನ್ನು ಬಯಸಿದರೂ ತಪ್ಪಿಲ್ಲ. ಬಯಸುವ ಮೊದಲೇ ನಾವು ಗೆರೆ ಎಳೆಯುವುದು ತಪ್ಪು. ಆ ಗೆರೆಯೂ ಸ್ಥಿರವಾದುದಲ್ಲ. 1918ರಲ್ಲಿ ಅಮೆರಿಕದ ವ್ಯಾಪಾರಪತ್ರಿಕೆಯೊಂದು ಗುಲಾಬಿ ಬಣ್ಣ ಹುಡುಗರಿಗೆ, ನೀಲಿ ಹುಡುಗಿಯರಿಗೆ ಒಪ್ಪುವುದೆಂದು ಬರೆದಿತ್ತು. ಇಂದು ಅದು ತಿರುಗುಮುರುಗಾಗಿದೆ. ಪ್ರಕೃತಿಯ ನಿಯಮ ಹೀಗೆ ಬದಲಾದೀತೇ?

ನಮ್ಮ ಪರಂಪರೆಯನ್ನೇ ನೋಡಿರಿ. ರುಚಿಯಾದ ಅಡುಗೆಯನ್ನು ನಾವು ನಳಪಾಕವೆನ್ನುತ್ತೇವೆ, ನಳನಾದರೋ ಅರಸ. ವಿರಾಟನ ಮನೆಯಲ್ಲಿ ಭೀಮ ಅಡುಗೆಯವನಾದ, ಅರ್ಜುನ ನಾಟ್ಯ ಕಲಿಸಿದ. ಇದರಿಂದ ಅವರ ಶೌರ್ಯಕ್ಕೆ ಕುಂದು ಬರಲಿಲ್ಲ. ಬೆಳಗಾವಿಯ ಮಗ್ಗುಲಿನ ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ 1824ರಲ್ಲಿ ಕಿತ್ತೂರಿನ ಮಾನಕ್ಕಾಗಿ ಬ್ರಿಟಿಷರನ್ನು ಎದುರಿಸಿದಳು. ಕುದುರೆ, ಕತ್ತಿಗಳು ಹುಡುಗರಿಗೆ ಮಾತ್ರವೆಂದು ಆಕೆಯನ್ನು ತಡೆದಿದ್ದರೆ ಆ ಚರಿತ್ರೆ ಎಲ್ಲಿರುತ್ತಿತ್ತು? 2019ರ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಅಭಿಯಾನದ ನಿರ್ದೇಶಕಿ ರಿತು ಕರಿಧಾಲ್; ಇಬ್ಬರೂ ಮಹಿಳೆಯರು.

ಆಟಿಕೆಯೆಂದರೆ ಬರಿಯ ಕಾಲಹರಣವಲ್ಲ. ಜೋಡಿಸಿ ಕಟ್ಟುವ ಆಟ ಅಳತೆಯನ್ನೂ ತಾಳ್ಮೆಯನ್ನೂ ಕಲಿಸುತ್ತದೆ. ಗೊಂಬೆಯ ಆಟ ಅನ್ಯರ ಆರೈಕೆಯನ್ನು ಕಲಿಸುತ್ತದೆ. ಭೇದವೆಣಿಸಿದರೆ ಹುಡುಗಿ ಮೊದಲನೆಯದನ್ನೂ ಹುಡುಗ ಎರಡನೆಯದನ್ನೂ ಕಳೆದುಕೊಳ್ಳುವರು. 1992ರಲ್ಲಿ ಅಮೆರಿಕದ ಮಾತನಾಡುವ ಬಾರ್ಬಿ ಗೊಂಬೆಯೊಂದು ಗಣಿತ ಕಠಿಣವೆಂದು ಹುಡುಗಿಯರಿಗೆ ಹೇಳತೊಡಗಿತ್ತು. ಜನರು ಆಕ್ಷೇಪಿಸಿದ ಮೇಲೆ ತಯಾರಕರು ಆ ಮಾತನ್ನು ಕೈಬಿಟ್ಟರು. ಬಾಯಿಲ್ಲದ ಗೊಂಬೆಗಳ ಪರವಾಗಿ ಜಾಹೀರಾತುಗಳು ಇಂಥದೇ ಮಾತನ್ನು ಆಡುತ್ತಿರುತ್ತವೆ. ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿ 2022ರಲ್ಲಿ ಇಂಥ ಚಿತ್ರಣಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ಆದರೆ ಮನೆಯ ಮಾತನ್ನು ತಿದ್ದುವವರು ಮನೆಯವರೇ ಆಗಬೇಕು. ತಮ್ಮ ತಂಗಿಯರ ಆಟವನ್ನು ಕಂಡು ನಗುವ ಮುನ್ನ ನೀವೂ ಒಂದು ಕ್ಷಣ ಯೋಚಿಸಿರಿ.

ಅಂದು ನಾವು ಕ್ರೇನನ್ನೇ ಕೊಂಡುತಂದೆವು. ಅದು ಈಗ ನಮ್ಮ ಪಡಸಾಲೆಯಲ್ಲಿ ಗೊಂಬೆಯನ್ನು ಮೆಲ್ಲಗೆ ಎತ್ತಿ ತೊಟ್ಟಿಲಿಗೆ ಇಳಿಸುತ್ತಿರುತ್ತದೆ. ಅದನ್ನು ನೋಡುವಾಗಲೆಲ್ಲ ಖಾನಾಪುರದ ಆ ಹುಡುಗನಿಗೆ ಅವನ ಒಲೆಯನ್ನು ಮರಳಿ ಕೊಡಬೇಕೆನಿಸುತ್ತದೆ.