ಚಿತ್ರ ತೆಗೆದವರ ಹೆಸರು



ಕಳೆದ ಮಳೆಗಾಲದಲ್ಲಿ ತಂಗಡಗಿಯ ನಮ್ಮ ಮನೆಯ ಮಾಳಿಗೆಯು ಒಂದು ಮೂಲೆಯಲ್ಲಿ ಸೋರಿತು. ಮಣ್ಣಿನ ಮಾಳಿಗೆ ಸೋರುವದು ನಮ್ಮ ಕಡೆಗೆ ಹೊಸ ಸುದ್ದಿಯಲ್ಲ. ಆದರೆ ಈ ಸಲ ನೀರು ಇಳಿದದ್ದು ನೆಟ್ಟಗೆ ಹಳೆಯ ಟ್ರಂಕಿನ ಮೇಲೆ. ಮರುದಿನ ಅದನ್ನು ಅಂಗಳಕ್ಕೆ ತಂದು ತೆರೆದೆವು. ಅರಿವೆಗಳು ಸಂಜೆಯೊಳಗಾಗಿ ಒಣಗಿದವು. ತಳದಲ್ಲಿದ್ದ ಪುಸ್ತಕಗಳ ಒಂದು ಕಟ್ಟು ಮಾತ್ರ ತೊಯ್ದು ಮುದ್ದೆಯಾಗಿತ್ತು. ನಮ್ಮ ತಂದೆಯವರು ಆಗಿನ ಬಿಜಾಪುರಕ್ಕೆ ಕೆಲಸದ ನಿಮಿತ್ತ ಹೋದಾಗಲೆಲ್ಲ ಒಂದೊಂದಾಗಿ ಕೊಂಡು ತಂದು, ದಬ್ಬಣದಿಂದ ಒಟ್ಟಿಗೆ ಹೊಲಿದಿಟ್ಟ ಕನ್ನಡ ಚಿತ್ರಕಥೆಗಳ ಕಟ್ಟು ಅದು.

ಸೂಟಿಗೆ ಬಂದಿದ್ದ ಮಗಳ ಮಗನು ಹಾಳೆಗಳನ್ನು ಬಿಡಿಸುತ್ತ ಕುಳಿತಿದ್ದನು. ಬಾಲಕೃಷ್ಣನ ಚಿತ್ರವೊಂದನ್ನು ಬಹಳ ಹೊತ್ತು ನೋಡಿ, "ಅಜ್ಜಾ, ಈ ಚಿತ್ರ ಯಾರು ತಗದಾರ?" ಎಂದು ಕೇಳಿದನು. ಆ ಪುಸ್ತಕವನ್ನು ನಾನು ಬಾಲ್ಯದಲ್ಲಿ ಐವತ್ತು ಸಲವಾದರೂ ಓದಿರಬೇಕು. ಯಾವ ಪುಟದಲ್ಲಿ ಯಾವ ಚಿತ್ರವೆಂಬದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡುವದು ನನ್ನಿಂದಾಗಲಿಲ್ಲ. ಹೊದಿಕೆಯೂ ಮೊದಲ ಹಾಳೆಯೂ ಎಂದೋ ಹರಿದು ಹೋಗಿದ್ದವು ಎಂಬದೊಂದು ನೆವ ಮಾತ್ರ. ಅವು ಇದ್ದಾಗಲೂ ಚಿತ್ರ ಬರೆದವರು ಯಾರೆಂದು ನಾನು ನೋಡಿದವನಲ್ಲ. ಕಥೆಯು ವ್ಯಾಸರದು, ಪುಸ್ತಕವು ಅಂಗಡಿಯದು, ಚಿತ್ರವು ತಾನಾಗಿಯೇ ಮೂಡಿದ್ದು ಎಂದು ತಿಳಿದಿದ್ದೆನೆಂದು ತೋರುತ್ತದೆ.

ಈ ತಿಂಗಳು ಇದೇ ಮಾತನ್ನು ವಾಚಕರ ಮುಂದಿಡಬಯಸುತ್ತೇನೆ. ಹಳೆಯ ಚಿತ್ರಕಥೆಗಳನ್ನು ಕೂಡಿಸಿ ದೊಡ್ಡ ಸಂಪುಟಗಳಾಗಿ ಮತ್ತೆ ಅಚ್ಚು ಹಾಕುವ ರೂಢಿಯು ಈಚೆಗೆ ಬೆಳೆದಿದೆ. ಅಂಥ ಸಂಪುಟವು ಮಕ್ಕಳ ಕಾಲಹರಣದ ವಸ್ತು ಮಾತ್ರವಲ್ಲ. ಒಬ್ಬ ಕುಶಲ ಕೈಗಾರನಿಗೆ ನಾವು ತಡವಾಗಿ ಸಲ್ಲಿಸುವ ಸಾಲವೂ ಹೌದು. ಆ ಸಾಲವು ಸರಿಯಾಗಿ ಸಂದಿದೆಯೋ ಇಲ್ಲವೋ ಎಂಬದನ್ನು ನೋಡಿ ಕೊಳ್ಳುವದು ಗೃಹಸ್ಥರ ಕೈಯಲ್ಲಿದೆ.

ಮೊದಲು ಈ ಪುಸ್ತಕಗಳ ಪೂರ್ವವೃತ್ತಾಂತವನ್ನು ಹೇಳುವೆನು. 'ಅಮರ ಚಿತ್ರ ಕಥೆ' ಎಂಬ ಮಾಲೆಯ ಹೆಸರನ್ನು ಕೇಳದ ಮನೆಯು ವಿರಳ. ಅದನ್ನು ಬೆಳೆಯಿಸಿದ ಅನಂತ ಪೈಯವರು 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, 2011ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಆದರೆ ಈ ಮಾಲೆಯ ಮೊದಲ ಪುಸ್ತಕಗಳು ಹೊರಬಿದ್ದದ್ದು ಕನ್ನಡದಲ್ಲಿ ಎಂಬದು ಅನೇಕರಿಗೆ ತಿಳಿಯದು. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿರುವಂತೆ, ಅವರ ಸೂಚನೆಯ ಮೇರೆಗೆ 1965ರಲ್ಲಿ ಮೊದಲಿನ ಹತ್ತು ಪುಸ್ತಕಗಳು ಕನ್ನಡದಲ್ಲಿ ಪ್ರಕಟವಾದವು. ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಅದ್ಭುತಕಥೆಗಳು ಅವು. ಕನ್ನಡಿಗರು ಅವುಗಳನ್ನು ಚೆನ್ನಾಗಿ ಕೊಂಡರು. ಆ ಧೈರ್ಯದಿಂದಲೇ ಮುಂಬಯಿಯ ಪ್ರಕಾಶಕರು ಮಾಲೆಯನ್ನು ಇಂಗ್ಲಿಷಿನಲ್ಲಿ ಮುಂದುವರಿಸಿದರು. ಇಂಗ್ಲಿಷ್ ಪುಸ್ತಕಗಳ ಎಣಿಕೆಯು ಹನ್ನೊಂದರಿಂದ ಆರಂಭವಾದದ್ದಕ್ಕೆ ಇದೇ ಕಾರಣವೆಂದು ಅವರ ಹೇಳಿಕೆ. ಆ ಹನ್ನೊಂದನೆಯದೇ 'ಕೃಷ್ಣ'. ನಮ್ಮ ಪುರಾಣದ ಕಥೆಯು ಈ ಮಾಲೆಯಲ್ಲಿ ಬಂದದ್ದು ಅದೇ ಮೊದಲು. ಅದರ ಚಿತ್ರಗಳನ್ನು ಬರೆದವರು ರಾಮ ವಾಯೀರಕರ ಎಂಬವರು. ಮುಂದೆ 'ಟಿಂಕಲ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಪೆದ್ದ ಸುಪ್ಪಾಂಡಿಗೆ ರೂಪು ಕೊಟ್ಟವರೂ ಅವರೇ. ಭಕ್ತಿಯಿಂದ ನೋಡುವ ಕೃಷ್ಣನೂ ಹೊಟ್ಟೆ ಹಿಡಿದು ನಗಿಸುವ ಸುಪ್ಪಾಂಡಿಯೂ ಒಂದೇ ಕೈಯಿಂದ ಬಂದವರು ಎಂಬದನ್ನು ನಾನು ಅರವತ್ತು ದಾಟಿದ ಮೇಲೆ ಅರಿತೆನು.

ಹೀಗೆ ಹೆಸರು ಮರೆಯಾಗುವದು ನಮ್ಮ ದೇಶದಲ್ಲಿಯೇ ನಡೆದ ಸಂಗತಿಯಲ್ಲ. ಅಮೇರಿಕೆಯಲ್ಲಿ ಕಾರ್ಲ್ ಬಾರ್ಕ್ಸ್ ಎಂಬ ಚಿತ್ರಕಾರರು 1942ರಿಂದ 1966ರ ವರೆಗೆ ಡಿಸ್ನಿಯವರ ಡೊನಾಲ್ಡ್ ಬಾತುಕೋಳಿಯ ಕಥೆಗಳನ್ನು ರಚಿಸಿದರು. ಆ ಪುಸ್ತಕಗಳಲ್ಲಿ ಚಿತ್ರಕಾರನ ಹೆಸರನ್ನು ಹಾಕುವ ಪದ್ಧತಿ ಇರಲಿಲ್ಲ. ಆದರೂ ಓದುವ ಹುಡುಗರು ಗೆರೆಯನ್ನು ನೋಡಿಯೇ ಅವರನ್ನು ಗುರುತಿಸಿ, 'ಬಾತುಕೋಳಿಯನ್ನು ಚೆನ್ನಾಗಿ ಬರೆಯುವವನು' ಎಂದು ತಾವೇ ಹೆಸರಿಟ್ಟುಕೊಂಡಿದ್ದರು. 1960ರ ಸುಮಾರಿಗೆ ಕೆಲವು ಅಭಿಮಾನಿಗಳು ವಿಚಾರಿಸಿ ನಿಜವಾದ ಹೆಸರನ್ನು ಕಂಡುಹಿಡಿದರು. 1983ರಿಂದ 1990ರ ವರೆಗೆ ಅವರ ಕೃತಿಗಳೆಲ್ಲ 30 ಸಂಪುಟಗಳಲ್ಲಿ ಮರುಮುದ್ರಣಗೊಂಡವು. ಬಾರ್ಕ್ಸರು 99 ವರ್ಷ ಬದುಕಿ 2000ದಲ್ಲಿ ತೀರಿಕೊಂಡದ್ದರಿಂದ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ದೊರೆಯಿತು. ಎಲ್ಲ ಚಿತ್ರಕಾರರಿಗೂ ಅಷ್ಟು ಆಯುಸ್ಸು ಇರುವದಿಲ್ಲ. ವಾಯೀರಕರರು 2003ರಲ್ಲಿಯೇ ತೀರಿಕೊಂಡರು.

ನಮ್ಮಲ್ಲಿಯೂ ಸಂಪುಟಗಳು ಬಂದಿಲ್ಲವೆಂದಲ್ಲ. 1985ರಿಂದ 1989ರ ವರೆಗೆ 42 ಸಂಚಿಕೆಗಳಾಗಿ ಬಂದ 'ಮಹಾಭಾರತ'ವನ್ನು ಮೂರು ದೊಡ್ಡ ಸಂಪುಟಗಳಲ್ಲಿ ಕಟ್ಟಿ ಹೊರತಂದಿದ್ದಾರೆ; ಪುಟಗಳು 1300ಕ್ಕೂ ಹೆಚ್ಚು. ಅದರ ಬಹುಪಾಲು ಚಿತ್ರಗಳು ದಿಲೀಪ ಕದಮರವು. ಬಿಡಿ ಸಂಚಿಕೆಗಳಲ್ಲಿ ಕಾಣದ ಒಂದು ಗುಣವು ಈ ಸಂಪುಟಗಳಲ್ಲಿ ಕಾಣಿಸುತ್ತದೆ. ಹರೆಯದಲ್ಲಿ ಬಿಲ್ಲು ಹಿಡಿದ ಭೀಷ್ಮರು ಶರಶಯ್ಯೆಯನ್ನೇರುವ ವರೆಗೆ ಹೇಗೆ ಹಣ್ಣಾದರೆಂಬದನ್ನು ಪುಟದಿಂದ ಪುಟಕ್ಕೆ ನೋಡಬಹುದು. ಒಂದೊಂದೇ ಸಂಚಿಕೆಯನ್ನು ಕಾದು ಓದಿದವನಿಗೆ ಕಥೆಯ ಓಟ ಸಿಕ್ಕೀತು. ಚಿತ್ರಕಾರನ ವರ್ಷಗಟ್ಟಲೆಯ ದುಡಿಮೆಯು ಕಣ್ಣಿಗೆ ಬೀಳುವದು ಎಲ್ಲವೂ ಒಂದೆಡೆ ಕೂಡಿದಾಗಲೇ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ನಮ್ಮಲ್ಲಿಯ ಸಂಕಲನಗಳಲ್ಲಿ ಹೆಚ್ಚಿನವು ಕಥಾವಸ್ತುವನ್ನು ಹಿಡಿದು ಕೂಡಿಸಿದವು. ದೇವತೆಗಳ ಕಥೆ ಐದು, ವೀರರ ಕಥೆ ಐದು ಎಂದು ಕಟ್ಟುವರು. ಓದುವವರಿಗೆ ಅದು ಅನುಕೂಲವೇ. ಆದರೆ ಅದರಿಂದ ಒಬ್ಬನ ಕೆಲಸವು ಹತ್ತು ಪುಸ್ತಕಗಳಲ್ಲಿ ಹಂಚಿಹೋಗಿ, ಅವನ ಗೆರೆಯು ಹೇಗೆ ಬೆಳೆಯಿತೆಂಬದು ತಿಳಿಯದೆ ಉಳಿಯುತ್ತದೆ. ಕವಿಯ 'ಸಮಗ್ರ ಕಾವ್ಯ'ವನ್ನು ಕಪಾಟಿನಲ್ಲಿಡುವ ನಾವು ಚಿತ್ರಕಾರನ ಸಮಗ್ರ ಚಿತ್ರಗಳನ್ನು ಕೇಳುವದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ಇಂಗ್ಲಿಷ್ ವ್ಯಂಗ್ಯಚಿತ್ರಗಳು ಎಷ್ಟೋ ಸಂಪುಟಗಳಾಗಿ ಬಂದಿವೆ. ಆದರೆ ಡಾಕ್ಟರ್ ಶಿವರಾಮರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯ ಪುಟಗಳಲ್ಲಿ ಅದೇ ಲಕ್ಷ್ಮಣರು ತಾರುಣ್ಯದಲ್ಲಿ ಬರೆದ ಚಿತ್ರಗಳನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ?

ಇನ್ನು ಮರುಮುದ್ರಣದ ರೀತಿಯ ವಿಚಾರ. ನಮ್ಮ ಹುಡುಗನು ಮುಂದಿನ ಸೂಟಿಗೆ ಬರುವಾಗ 'ಕೃಷ್ಣ'ದ ಹೊಸ ಮುದ್ರಣವೊಂದನ್ನು ಹಿಡಿದು ತಂದನು. ಹಳೆಯದನ್ನೂ ಹೊಸದನ್ನೂ ಜೋಡಿಯಾಗಿಟ್ಟು ನೋಡಿದೆವು. ಮಾಲೆಯ ಮೊದಮೊದಲಿನ ಸಂಚಿಕೆಗಳ ಹೆಚ್ಚಿನ ಪುಟಗಳಲ್ಲಿ ಹಳದಿ, ನೀಲಿ, ಹಸಿರು ಇವೇ ಬಣ್ಣಗಳು. ಪೂರ್ಣವರ್ಣವು ಬಂದದ್ದು ಆಮೇಲೆ. ಹೊಸ ಪ್ರತಿಯು ಥಳಥಳಿಸುತ್ತಿತ್ತು. ಹುಡುಗನಿಗೆ ಅದು ಮೆಚ್ಚಿಗೆಯಾಯಿತು. ನನಗೆ ಹಳೆಯ ಮಸುಕೇ ಹಿತವೆನಿಸಿತು. ಇಬ್ಬರೂ ಒಪ್ಪಿದ ಮಾತೊಂದೇ: ಗೆರೆಯು ಕೆಡಬಾರದು. ನಮ್ಮ ಪ್ರತಿಯಲ್ಲಿ ಕಡೆಯ ಎರಡು ಹಾಳೆಗಳು ನಲವತ್ತು ವರ್ಷಗಳಿಂದ ಇರಲಿಲ್ಲ. ಅವನ್ನು ಹೊಸ ಮುದ್ರಣದಲ್ಲಿ ಕಂಡಾಗ, ಎಂದೋ ಊರು ಬಿಟ್ಟವರು ಬಾಗಿಲಿಗೆ ಬಂದು ನಿಂತಂತಾಯಿತು.

ನಮ್ಮೂರು ಶರಣೆ ನೀಲಮ್ಮನವರು ಐಕ್ಯರಾದ ಸ್ಥಳ. ಹೊಳೆಯ ಆಚೆಗೆ ಕೂಡಲಸಂಗಮ. ನಾರಾಯಣಪುರದ ಜಲಾಶಯದ ಹಿನ್ನೀರು ಏರಿದಾಗ, ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಕಿತ್ತು ಬೇರೆಡೆಗೆ ಒಯ್ಯಲಿಲ್ಲ. ಸುತ್ತಲೂ ಬಾವಿಯಂತೆ ಗೋಡೆಯನ್ನೆತ್ತಿ, ಇದ್ದಲ್ಲಿಯೇ ಉಳಿಸಿಕೊಂಡರು. ಇಂದು ಮೆಟ್ಟಿಲಿಳಿದು ಹೋದವರಿಗೆ ಅದು ತನ್ನ ನೆಲೆಯಲ್ಲಿಯೇ ಕಾಣುತ್ತದೆ. ಹಳೆಯದನ್ನು ಉಳಿಸುವ ಧರ್ಮವೆಂದರೆ ಇದೇ. ಸುತ್ತಲೂ ಹೊಸ ಗೋಡೆಯನ್ನು ಕಟ್ಟಬಹುದು. ಒಳಗಿನ ಕಲ್ಲನ್ನು ಮಾತ್ರ ಮುಟ್ಟಬಾರದು. ಪುಸ್ತಕಕ್ಕೆ ಹೊಸ ರಟ್ಟು, ಹೊಸ ಕಾಗದ, ಒಳ್ಳೆಯ ಪೀಠಿಕೆ ಇವೆಲ್ಲ ಇರಲಿ. ಮೂಲದ ಚಿತ್ರವು ಮೂಲದಂತೆಯೇ ಇರಲಿ.

ಆದುದರಿಂದ ಇಂಥ ಸಂಪುಟವನ್ನು ಕೊಳ್ಳುವವರು ನಾಲ್ಕು ವಿಷಯಗಳನ್ನು ನೋಡಿ ಕೊಳ್ಳಬೇಕು. ಒಂದು, ಚಿತ್ರಕಾರನ ಹೆಸರು ಸ್ಪಷ್ಟವಾಗಿ ಅಚ್ಚಾಗಿದೆಯೇ? ಎರಡು, ಮೊದಲು ಪ್ರಕಟವಾದ ವರ್ಷವನ್ನು ಕೊಟ್ಟಿದ್ದಾರೆಯೇ? ಮೂರು, ಪುಟಗಳು ಪೂರ್ಣವಾಗಿವೆಯೇ, ಚಿತ್ರದ ಅಂಚುಗಳು ಕತ್ತರಿಸಿಹೋಗಿಲ್ಲವಷ್ಟೆ? ನಾಲ್ಕು, ಕನ್ನಡದಲ್ಲಿ ದೊರೆಯುತ್ತದೆಯೇ ಎಂದು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿದ್ದೀರಾ? ಕೇಳುವವರಿಲ್ಲದೆ ಅಚ್ಚು ಹಾಕುವವರು ಎಲ್ಲಿಂದ ಬಂದಾರು? ನಮ್ಮ ಮನೆಗೆ ಬಂದ ಮಹಾಭಾರತದ ಮೂರು ಸಂಪುಟಗಳು ಇಂಗ್ಲಿಷಿನವು. ರಾತ್ರಿ ಊಟವಾದ ಮೇಲೆ ಹುಡುಗನು ಚಿತ್ರ ತೋರಿಸುತ್ತ ಕನ್ನಡದಲ್ಲಿ ಹೇಳುವನು; ಅವನ ಅಜ್ಜಿ ಕೇಳುವಳು. ನಡುವೆ ಅವನಿಗೆ ಒಂದು ಮಾತು ತೋಚದಿದ್ದರೆ ಅವಳೇ ಕಥೆಯನ್ನು ಮುಂದುವರಿಸುವಳು. ಕನ್ನಡದಲ್ಲಿ ಹುಟ್ಟಿದ ಮಾಲೆಯು ಕನ್ನಡದ ಮನೆಗೆ ಹೀಗೆ ಸುತ್ತುಹಾದಿಯಿಂದ ಬರಬೇಕಾಯಿತಲ್ಲ ಎಂದು ನನಗೆ ಕಸಿವಿಸಿ.

ಮನೆಯಲ್ಲಿ ಹಳೆಯ ಚಿತ್ರಕಥೆಗಳಿದ್ದವರಿಗೆ ಇನ್ನೆರಡು ಮಾತು. ನೆನೆದ ಪುಸ್ತಕವನ್ನು ನಾವು ಮಾಡಿದಂತೆ ಉರಿಬಿಸಿಲಿಗೆ ಇಡಬೇಡಿರಿ. ಹಾಳೆಗಳು ಸುರುಟಿ ಒಂದಕ್ಕೊಂದು ಅಂಟುತ್ತವೆ. ಹಸಿ ಇರುವಾಗಲೇ ಮೆಲ್ಲಗೆ ಬಿಡಿಸಿ, ನಡುನಡುವೆ ಬರಿಯ ಬಿಳಿ ಕಾಗದವನ್ನಿಟ್ಟು, ಅದನ್ನು ಆಗಾಗ ಬದಲಿಸುತ್ತ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಹರಿದಲ್ಲಿ ಸೆಲೊಟೇಪು ಹಚ್ಚಬಾರದು. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಚಿತ್ರವನ್ನೇ ತಿನ್ನುತ್ತದೆ. ಟ್ರಂಕನ್ನು ನೆಲಕ್ಕೆ ತಾಗಿಸದೆ ಮಣೆಯ ಮೇಲಿಡಬೇಕು. ಮಳೆಗಾಲಕ್ಕೆ ಮೊದಲು ಮೇಲಿನ ಮಾಳಿಗೆಯನ್ನೂ ಒಮ್ಮೆ ನೋಡಬೇಕು.

ನಮ್ಮ ಕಟ್ಟಿನಲ್ಲಿ ಉಳಿದದ್ದು ಅರ್ಧ ಮಾತ್ರ. ಅದನ್ನು ಮತ್ತೆ ಹೊಲಿದಿಟ್ಟಿದ್ದೇವೆ. ಹೊಲಿಯುವ ಮೊದಲು ಹುಡುಗನು ಬಿಳಿಯ ಹಾಳೆಯೊಂದನ್ನು 'ಕೃಷ್ಣ'ದ ಮುಂದೆ ಸೇರಿಸಿ, ಹೊಸ ಮುದ್ರಣವನ್ನು ನೋಡಿಕೊಂಡು ಅದರ ಮೇಲೆ ಪೆನ್ಸಿಲಿನಿಂದ ಒಂದು ಸಾಲು ಬರೆದನು: "ಚಿತ್ರಗಳು: ರಾಮ ವಾಯೀರಕರ." ಅದರ ಕೆಳಗೆ, ಕೊಂಡು ತಂದವರ ಹೆಸರೂ ಇರಲೆಂದು, ನಮ್ಮ ತಂದೆಯವರ ಹೆಸರನ್ನು ನಾನು ಬರೆದೆನು.