ಎಡಿಟಿಂಗ್ ಸಾಫ್ಟ್‌ವೇರಿನ ಹುಟ್ಟುಗುಣ

ಪಕ್ಕದ ಮನೆಯ ಹುಡುಗ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಬಿಡುವಾಗಿದ್ದಾನೆ. ಹೋದ ಭಾನುವಾರ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಬಂದು, "ಅಂಕಲ್, ಒಂದು ಎಎಂವಿ ಮಾಡ್ಬೇಕು. ಪ್ರೀಮಿಯರ್ ಹಾಕ್ಕೊಳ್ಲಾ, ವೇಗಸ್ಸಾ, ಡಾವಿಂಚಿಯಾ?" ಎಂದ. "ನಿನ್ನ ಹಾಡಿಗೆ ನಿಮಿಷಕ್ಕೆ ಎಷ್ಟು ಬೀಟು?" ಎಂದು ನಾನು ತಿರುಗಿ ಕೇಳಿದೆ. ಮಿಕ್ಸಿ ಕೊಳ್ಳಲು ಹೋದವನ ಹತ್ತಿರ ಅಂಗಡಿಯವನು ಜಾತಕ ಕೇಳಿದರೆ ಹೇಗೆ ನೋಡಿಯಾನೋ ಹಾಗೆ ನೋಡಿದ.

ಎಎಂವಿ ಎಂದರೆ ಅನಿಮೆ ಮ್ಯೂಸಿಕ್ ವಿಡಿಯೊ. ಜಪಾನಿನ ಅನಿಮೆ ಸರಣಿಗಳ ದೃಶ್ಯಗಳನ್ನು ಅಭಿಮಾನಿಗಳು ತಮಗೆ ಇಷ್ಟವಾದ ಹಾಡಿನ ಮೇಲೆ ಕತ್ತರಿಸಿ ಜೋಡಿಸುವ ಹವ್ಯಾಸ. ಚಿತ್ರ ಯಾರದೋ, ಹಾಡು ಇನ್ಯಾರದೋ. ಯಾವುದರ ಮೇಲೆ ಯಾವುದನ್ನು ಇಡಬೇಕು, ಎಷ್ಟು ಹೊತ್ತು ಇಡಬೇಕು ಎಂಬ ತೀರ್ಮಾನವಷ್ಟೇ ಎಡಿಟರನ ಸ್ವಂತದ್ದು. ಕ್ಯಾಮೆರಾ ಇಲ್ಲ, ನಟರಿಲ್ಲ, ಲೊಕೇಶನ್ ಇಲ್ಲ, ಕೈಯಲ್ಲಿರುವುದು ಒಂದು ಕತ್ತರಿ. ಆ ಕತ್ತರಿ ಯಾವ ಅಂಗಡಿಯದು ಎಂದು ಹೊಸಬರು ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಸಹಜವೇ.

ಈ ಹವ್ಯಾಸದ ಮೊದಲಿಗರಿಗೆ ಆ ತಲೆನೋವು ಇರಲಿಲ್ಲ. 1982ರಲ್ಲಿ ಅಮೆರಿಕದ ಜಿಮ್ ಕಪೋಸ್ಟಾಸ್ ಎಂಬ 21ರ ತರುಣ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿ, 'ಸ್ಟಾರ್ ಬ್ಲೇಜರ್ಸ್' ಸರಣಿಯ ಅತಿ ಹಿಂಸೆಯ ದೃಶ್ಯಗಳನ್ನೆಲ್ಲ ಆರಿಸಿ, ಬೀಟಲ್ಸ್ ತಂಡದ 'ಆಲ್ ಯು ನೀಡ್ ಈಸ್ ಲವ್' ಹಾಡಿಗೆ ಹೊಂದಿಸಿದ. ಮೊದಲ ಎಎಂವಿ ಎಂದು ಎಲ್ಲರೂ ಬೆರಳು ಮಾಡಿ ತೋರಿಸುವುದು ಇದನ್ನೇ. ಅದಕ್ಕೂ ಮುಂಚೆ, 1975ರಲ್ಲಿ, ಕ್ಯಾಂಡಿ ಫಾಂಗ್ ಎಂಬಾಕೆ 'ಸ್ಟಾರ್ ಟ್ರೆಕ್'ನ ಸ್ಥಿರಚಿತ್ರಗಳನ್ನು ಸ್ಲೈಡ್ ಪ್ರೊಜೆಕ್ಟರಿನಲ್ಲಿ ಹಾಕಿ, ಪಕ್ಕದಲ್ಲಿ ಕ್ಯಾಸೆಟ್ಟಿನ ಹಾಡು ಬಿಟ್ಟು ತೋರಿಸಿದ್ದಳು. ಆಕೆಯ ಸಾಫ್ಟ್‌ವೇರು ಅವಳ ಹೆಬ್ಬೆರಳು.

ವಿಸಿಆರ್ ಎಡಿಟಿಂಗಿನ ಕಷ್ಟ ಎಂಬತ್ತರ ದಶಕದಲ್ಲಿ ಮದುವೆಯ ವಿಡಿಯೊ ಮಾಡಿಸಿದವರಿಗೆ ಸ್ವಲ್ಪ ಗೊತ್ತಿರುತ್ತದೆ. ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಟೇಪು ಓಡುವುದಿಲ್ಲ, ವೇಗ ಹಿಡಿಯಲು ಅದಕ್ಕೊಂದು ಕ್ಷಣ ಬೇಕು. ಆ ಕ್ಷಣವನ್ನು ಎಡಿಟರನ ಬೆರಳೇ ಮುಂಚಿತವಾಗಿ ಊಹಿಸಬೇಕು. ಒಂದಾದ ಮೇಲೆ ಒಂದರಂತೆ ಅಂಟಿಸಿಕೊಂಡು ಹೋಗುವ ಕೆಲಸವಾದ್ದರಿಂದ ನಡುವೆ ಒಂದು ತುಣುಕು ಉದ್ದವಾಯಿತೆಂದು ಕೊನೆಯಲ್ಲಿ ಅನ್ನಿಸಿದರೆ ಅಲ್ಲಿಂದಾಚೆ ಎಲ್ಲವನ್ನೂ ಮತ್ತೆ ಮಾಡಬೇಕು. ಪ್ರತಿ ನಕಲಿಗೂ ಬಣ್ಣ ಒಂದಿಷ್ಟು ಸೋರಿಹೋಗುತ್ತದೆ. ಇಷ್ಟಾದರೂ ಕಪೋಸ್ಟಾಸನ ತಮಾಷೆ ಕೆಲಸ ಮಾಡಿತು, ಯಾಕೆಂದರೆ ಅದು ಇದ್ದದ್ದು ಆಯ್ಕೆಯಲ್ಲಿ.

ಇಷ್ಟು ಹೇಳಿ "ಸಾಫ್ಟ್‌ವೇರ್ ಯಾವುದಾದರೇನು, ಕಲೆ ಮುಖ್ಯ" ಎಂದು ಕೈತೊಳೆದುಕೊಳ್ಳುವ ಹಿರಿಯರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆಯನ್ನೂ ಜೊತೆಗೆ ಎಸೆಯುತ್ತಾರೆ. ನನಗೆ ಆ ಗಾದೆಯ ಬಗ್ಗೆ ಒಂದು ತಕರಾರಿದೆ: ನೆಲ ನಿಜಕ್ಕೂ ಡೊಂಕಾಗಿರುವುದೂ ಉಂಟು. ಅದು ಎಲ್ಲಿ ಡೊಂಕು ಎಂದು ತಿಳಿಯಲು ಆ ಮನೆ ಕಟ್ಟಿದ್ದು ಯಾತಕ್ಕೆ ಎಂದು ಕೇಳಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಮಾತು ಮನುಷ್ಯರ ವಿಷಯದಲ್ಲಿ ಸುಳ್ಳಾದೀತು, ಸಾಫ್ಟ್‌ವೇರ್ ವಿಷಯದಲ್ಲಿ ಸುಳ್ಳಾದದ್ದನ್ನು ನಾನು ಕಂಡಿಲ್ಲ.

ವೇಗಸ್ಸನ್ನೇ ನೋಡಿ. 1999ರಲ್ಲಿ ಅಮೆರಿಕದ ಮ್ಯಾಡಿಸನ್ ಊರಿನ ಸೋನಿಕ್ ಫೌಂಡ್ರಿ ಎಂಬ ಕಂಪನಿ ಅದನ್ನು ಹೊರತಂದಾಗ ಅದರಲ್ಲಿ ಚಿತ್ರವೇ ಇರಲಿಲ್ಲ. ಅದು ಬರೀ ಧ್ವನಿಮುದ್ರಿಕೆಗಳನ್ನು ಬೆರೆಸುವ ಸಾಧನ. ವಿಡಿಯೊ ಆಮೇಲೆ ಬಂದು ಸೇರಿಕೊಂಡಿತು. 2003ರಲ್ಲಿ ಸೋನಿಗೆ, 2016ರಲ್ಲಿ ಜರ್ಮನಿಯ ಮ್ಯಾಜಿಕ್ಸ್‌ಗೆ ಕೈ ಬದಲಾಯಿಸಿದರೂ ಅದರ ಕಿವಿ ಹಾಗೇ ಉಳಿಯಿತು. ಎರಡು ತುಣುಕುಗಳನ್ನು ಒಂದರ ಮೇಲೊಂದು ಎಳೆದರೆ ತಾನಾಗಿ ಬೆರೆತುಕೊಳ್ಳುತ್ತವೆ, ಎರಡು ಹಾಡುಗಳನ್ನು ಬೆರೆಸುವ ಹಾಗೆ. ಹಾಡು ಕೇಳುತ್ತ ಬೀಟಿಗೊಮ್ಮೆ 'ಎಂ' ಕೀಲಿ ಒತ್ತಿದರೆ ಸಾಲಾಗಿ ಗುರುತುಗಳು ಬೀಳುತ್ತವೆ. ಎಎಂವಿ ಮಾಡುವವರಲ್ಲಿ ಅಷ್ಟೊಂದು ಜನ ವೇಗಸ್ಸಿಗೆ ಒಲಿದದ್ದು ಸುಮ್ಮನೆ ಅಲ್ಲ. ಅವರ ಕೆಲಸ ಶುರುವಾಗುವುದು ಹಾಡಿನಿಂದ, ಅದರ ಹುಟ್ಟೂ ಅಲ್ಲಿಂದಲೇ.

ಆಫ್ಟರ್ ಎಫೆಕ್ಟ್ಸ್ ತದ್ವಿರುದ್ಧ. 1993ರಲ್ಲಿ ಪ್ರಾವಿಡೆನ್ಸ್ ಊರಿನ ಕೋಸಾ ಎಂಬ ಸಣ್ಣ ಕಂಪನಿಯಲ್ಲಿ ಹುಟ್ಟಿ, ಮರುವರ್ಷದ ಹೊತ್ತಿಗೆ ಅಡೋಬಿಯ ಮನೆ ಸೇರಿತು. ಅದಕ್ಕೆ ಗೊತ್ತಿರುವುದು ಪದರಗಳು: ಒಂದು ಚಿತ್ರದ ಮೇಲೆ ಇನ್ನೊಂದು, ಅದರ ಮೇಲೆ ಬೆಳಕು, ಅದರ ಮೇಲೆ ಅಕ್ಷರ. ಒಂದಾದ ಮೇಲೊಂದು ಎನ್ನುವುದು ಅದಕ್ಕೆ ಒಗ್ಗದ ಭಾಷೆ. ಇನ್ನೂರು ಕಟ್ ಇರುವ ಎಎಂವಿಯನ್ನು ಪೂರ್ತಿ ಅದರಲ್ಲೇ ಮಾಡಲು ಹೊರಟರೆ ಇನ್ನೂರು ಸಾಲುಗಳು ಬಾಳೆಗೊನೆಯಂತೆ ಜೋತುಬೀಳುತ್ತವೆ. ಆದರೆ ನಾಯಕನನ್ನು ಹಿನ್ನೆಲೆಯಿಂದ ಬಿಡಿಸಿ ಇನ್ನೊಂದು ಸರಣಿಯ ಊರಿನಲ್ಲಿ ನಿಲ್ಲಿಸಬೇಕೆಂದರೆ ಅದಕ್ಕಿಂತ ಒಳ್ಳೆಯ ಮೇಜು ಕಡಿಮೆ.

ಡಾವಿಂಚಿ ರಿಸಾಲ್ವ್ ಸಿರಿವಂತರ ಮನೆಯ ಕೂಸು. ದೊಡ್ಡ ಸ್ಟುಡಿಯೊಗಳಲ್ಲಿ ಸಿನಿಮಾಗಳಿಗೆ ಬಣ್ಣ ತಿದ್ದುವ ಯಂತ್ರವಾಗಿತ್ತು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಅದನ್ನು ಕೊಂಡು, ಮರುವರ್ಷ ಅದರ ಸಾಫ್ಟ್‌ವೇರನ್ನು ಮಾತ್ರ 995 ಡಾಲರಿಗೆ ಇಳಿಸಿ, 2011ರಲ್ಲಿ ಒಂದು ಉಚಿತ ಆವೃತ್ತಿಯನ್ನೇ ಕೊಟ್ಟಿತು. ಸರಿಯಾದ ಎಡಿಟಿಂಗ್ ಬಂದದ್ದು 2014ರಲ್ಲಿ. ಇವತ್ತು ದುಡ್ಡಿಲ್ಲದೆ ಸಿಗುವ ಸಾಧನಗಳಲ್ಲಿ ಇದನ್ನು ಮೀರಿಸುವಂಥದ್ದಿಲ್ಲ, ಆದರೆ ಜಮೀನ್ದಾರಿ ಗತ್ತು ಬಿಟ್ಟಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು ಎನ್ನುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಮೊದಲೇ ಹೇಳಿಬಿಡಬೇಕು, ಒಮ್ಮೆ ದೃಶ್ಯಗಳು ಒಳಗೆ ಬಂದವೆಂದರೆ ಆ ಪ್ರಾಜೆಕ್ಟಿನ ಲೆಕ್ಕವನ್ನು ಬದಲಾಯಿಸಗೊಡುವುದಿಲ್ಲ. ಅಡೋಬಿಯದೇ ಪ್ರೀಮಿಯರ್ 1991ರಿಂದ ಇದೆ, ಕತ್ತರಿಸಿ ಅಂಟಿಸುವ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತದೆ, ಅದರ ಬಗ್ಗೆ ಒಲವೂ ಇಲ್ಲ ಜಗಳವೂ ಇಲ್ಲ. 2000ದಲ್ಲಿ ವಿಂಡೋಸ್ ಜೊತೆ ಪುಕ್ಕಟೆಯಾಗಿ ಬಂದ ಮೂವಿ ಮೇಕರನ್ನು ನೋಡಿ ಎಲ್ಲರೂ ನಗೆಯಾಡಿದರು. ಆದರೂ ಒಂದಿಡೀ ತಲೆಮಾರು ಕತ್ತರಿ ಹಿಡಿಯುವುದನ್ನು ಕಲಿತದ್ದು ಅಲ್ಲಿ.

ಬೀಟಿನ ಪ್ರಶ್ನೆಗೆ ವಾಪಸು ಬರುತ್ತೇನೆ. ಅನಿಮೆ ಸೆಕೆಂಡಿಗೆ 24 ಫ್ರೇಮ್, ಟಿವಿ ಲೆಕ್ಕದಲ್ಲಿ ಕರಾರುವಾಕ್ಕಾಗಿ 23.976. ಹಾಡು ನಿಮಿಷಕ್ಕೆ 120 ಬೀಟಿನದಾದರೆ ಬೀಟಿಗೆ 12 ಫ್ರೇಮು, ಜಗಳವಿಲ್ಲ. 128 ಆದರೆ 11.25 ಫ್ರೇಮು. ಕಾಲು ಫ್ರೇಮನ್ನು ಕತ್ತರಿಸುವ ಕತ್ತರಿ ಭೂಮಿಯ ಮೇಲಿಲ್ಲ. ಪ್ರತಿ ಕಟ್ಟಿಗೂ 11 ಫ್ರೇಮ್ ಕೊಡುತ್ತ ಹೋದರೆ ಹದಿನಾರು ಬೀಟು ಕಳೆಯುವಷ್ಟರಲ್ಲಿ ಚಿತ್ರ ಹಾಡಿಗಿಂತ ನಾಲ್ಕು ಫ್ರೇಮ್ ಮುಂದೆ ಓಡಿರುತ್ತದೆ. ನೋಡುವವನಿಗೆ ಏನು ತಪ್ಪಿದೆ ಎಂದು ಗೊತ್ತಾಗುವುದಿಲ್ಲ, ತಪ್ಪಿದೆ ಎಂದು ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಬಲ್ಲವರು 11, 11, 11, 12 ಎಂದು ನಾಲ್ಕು ಬೀಟಿಗೆ 45 ಫ್ರೇಮನ್ನು ಹಂಚುತ್ತಾರೆ. ಹಾಗಾಗಿ ನಾನು ಸಾಫ್ಟ್‌ವೇರಿನಲ್ಲಿ ಮೊದಲು ನೋಡುವುದು ಹಾಡಿನ ಅಲೆಯನ್ನು ಎಷ್ಟು ಅಗಲವಾಗಿ ಬಿಡಿಸಿ ತೋರಿಸುತ್ತದೆ, ಒಂದೊಂದೇ ಫ್ರೇಮ್ ಸರಿಸಲು ಎಷ್ಟು ಸಲ ಕೈ ಎತ್ತಬೇಕು ಎಂಬುದನ್ನು. ಮುನ್ನೂರು ಬಗೆಯ ಟ್ರಾನ್ಸಿಷನ್ ಇದೆ ಎಂದು ಡಬ್ಬದ ಮೇಲೆ ಬರೆದಿದ್ದರೆ ಇರಲಿ ಬಿಡಿ.

24 ಎಂದೆನಲ್ಲ, ಚಿತ್ರ ಬರೆಯುವಾಗ ಅಷ್ಟನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. 1963ರ ಜನವರಿ 1ರಂದು ಒಸಾಮು ತೆಜುಕಾರ 'ಆಸ್ಟ್ರೊ ಬಾಯ್' ಜಪಾನಿನ ಟಿವಿಯಲ್ಲಿ ಶುರುವಾದಾಗ ವಾರಕ್ಕೊಂದು ಕಂತು ಮುಗಿಸಲು ಅವರ ಸ್ಟುಡಿಯೊ ಹಿಡಿದ ದಾರಿ ಇದು: ಒಂದು ಚಿತ್ರವನ್ನು ಮೂರು ಫ್ರೇಮ್ ಹೊತ್ತು ನಿಲ್ಲಿಸುವುದು, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಬರೆದ ಚಿತ್ರಗಳನ್ನು ಜೋಪಾನ ಮಾಡಿ ಬೇರೆ ಕಂತುಗಳಲ್ಲಿ ಮತ್ತೆ ಬಳಸುವುದು, ಇದಕ್ಕೆ ಅವರು 'ಬ್ಯಾಂಕ್' ಎಂದು ಹೆಸರಿಟ್ಟಿದ್ದರು. ಹಳೆಯ ದೃಶ್ಯವನ್ನು ಹೊಸ ಸಂದರ್ಭದಲ್ಲಿ ಕೂರಿಸುವುದು ಅನಿಮೆಯ ಮನೆಯೊಳಗೇ ಇದ್ದ ಉಪಾಯ. ಅಭಿಮಾನಿ ಎಡಿಟರ್ ಅದೇ ಬ್ಯಾಂಕಿನಿಂದ ಹೇಳದೆ ಕೇಳದೆ ಸಾಲ ತೆಗೆದವನು.

ಈ ಬಡತನವೇ ಅವನಿಗೆ ವರ. ಪಾತ್ರವನ್ನು ಹಿನ್ನೆಲೆಯಿಂದ ಬಿಡಿಸುವಾಗ ಸೆಕೆಂಡಿಗೆ 24 ಸಲ ಅಂಚು ಕೊರೆಯಬೇಕಾಗಿಲ್ಲ, ಎಷ್ಟೋ ಕಡೆ ಎಂಟು ಸಲ ಸಾಕು. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ಮಾತು ಆಮೇಲೆ. ಹಾಗಾಗಿ ಬಾಯಿಗೆ ಬಹುಪಾಲು ಮೂರೇ ಆಕಾರ: ಮುಚ್ಚಿದ್ದು, ಅರೆತೆರೆದದ್ದು, ತೆರೆದದ್ದು. ಆ ಮೂರನ್ನು ಹಿಂದೆ ಮುಂದೆ ಮಾಡಿ ಜೋಡಿಸಿದರೆ ಟೋಕಿಯೊದ ಹುಡುಗಿ ಯಾವ ದೇಶದ ಹಾಡನ್ನಾದರೂ ಹಾಡಿಬಿಡುತ್ತಾಳೆ.

ಇಲ್ಲೇ ನನಗೆ ಈಗಿನವರ ಮೇಲೆ ಸಿಟ್ಟು. ಟ್ವಿಕ್ಸ್ಟರ್ ಎಂಬ ಪ್ಲಗಿನ್ ಇದೆ, ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮುಗಳನ್ನು ಊಹಿಸಿ ತುಂಬಿ ದೃಶ್ಯವನ್ನು ನಿಧಾನ ಮಾಡುತ್ತದೆ. ಅನಿಮೆಗೆ ಹಚ್ಚುವ ಮುನ್ನ ಒಂದೇ ಚಿತ್ರ ಮರುಕಳಿಸುವ ಫ್ರೇಮುಗಳನ್ನೆಲ್ಲ ಕಿತ್ತುಹಾಕಬೇಕು. ಹಾಗೆ ಕಿತ್ತದ್ದು ಚಿತ್ರಕಾರ ಬೇಕೆಂದೇ ತಡೆಹಿಡಿದ ಉಸಿರು. ಕತ್ತಿ ಎತ್ತಿದವನು ಎತ್ತಿದಲ್ಲೇ ಮೂರು ಫ್ರೇಮ್ ನಿಂತು ತಟ್ಟನೆ ಹೊಡೆಯುವುದರಲ್ಲಿ ಇದ್ದ ಪೆಟ್ಟು ಹೋಗಿ, ಎಲ್ಲರೂ ನೀರಿನೊಳಗೆ ಜಗಳವಾಡಿದಂತೆ ತೇಲುತ್ತಾರೆ. ಫೋನಿನಲ್ಲಿ ಇದಕ್ಕೆ ಲಕ್ಷಾಂತರ ಮೆಚ್ಚುಗೆ ಬೀಳುತ್ತದೆ. ಬೀಳಲಿ, ನನಗೆ ಹಿಡಿಸುವುದಿಲ್ಲ.

ಇನ್ನು ಡೊಂಕು ನೆಲ. ಸೋನಿಯ ಕಾಲದ ವೇಗಸ್ಸಿನಲ್ಲಿ ಸ್ಮಾರ್ಟ್ ರಿಸ್ಯಾಂಪಲ್ ಎಂಬುದೊಂದು ತಾನಾಗಿಯೇ ಚಾಲೂ ಇರುತ್ತಿತ್ತು. ಪ್ರಾಜೆಕ್ಟನ್ನು ಅಮೆರಿಕದ ಟಿವಿಯ 29.97ರಲ್ಲಿ ತೆರೆದು 23.976ರ ಅನಿಮೆ ಹಾಕಿದರೆ ಹೆಚ್ಚುವರಿ ಫ್ರೇಮುಗಳನ್ನು ಅಕ್ಕಪಕ್ಕದವನ್ನು ಬೆರೆಸಿ ತುಂಬುತ್ತಿತ್ತು. ಒಂದೊಂದು ಕಟ್ಟಿನಲ್ಲೂ ಹಿಂದಿನ ಚಿತ್ರದ ಪ್ರೇತ. ಎಷ್ಟೋ ಹುಡುಗರು ಇದು ತಮ್ಮ ಕೈಯ ದೋಷ ಎಂದುಕೊಂಡರು. ಇನ್ನೊಂದು ಡೊಂಕು ಫೈಲಿನದು. ಡೌನ್‌ಲೋಡಿನಲ್ಲಿ ಸಿಗುವ ಎಚ್.264 ಕಡತದಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು ಫ್ರೇಮಿನಲ್ಲಿ ಮಾತ್ರ, ಉಳಿದವು "ಹಿಂದಿನದಕ್ಕಿಂತ ಇಷ್ಟು ಬೇರೆ" ಎಂಬ ಟಿಪ್ಪಣಿಗಳು. ನೋಡಲು ಅದು ಸಾಕು. ಕತ್ತರಿಸಲು ಹೋದರೆ ಪ್ರತಿ ಫ್ರೇಮಿಗೂ ಕಂಪ್ಯೂಟರ್ ಹಿಂದಕ್ಕೆ ಓಡಿ ಲೆಕ್ಕ ಕೂಡಿಸಿಕೊಂಡು ಬರಬೇಕು. ಟೈಮ್‌ಲೈನ್ ತಡವರಿಸುತ್ತದೆ, ಬೈಗುಳ ಸಾಫ್ಟ್‌ವೇರಿಗೆ ಬೀಳುತ್ತದೆ. ಪರಿಹಾರ ಹಳೆಯದೇ: ಬೇಕಾದ ತುಣುಕುಗಳನ್ನು ಮೊದಲು ಪ್ರತಿ ಫ್ರೇಮೂ ಇಡಿಯಾಗಿರುವ ರೂಪಕ್ಕೆ ಬದಲಾಯಿಸಿಕೊಳ್ಳುವುದು. ಇಡೀ ಕಂತನ್ನು ಹಾಗೆ ಬಿಚ್ಚಲು ಹೋಗಬೇಡಿ. 24 ನಿಮಿಷದ ಎಚ್‌ಡಿ ಕಂತು ಒತ್ತದೆ ಬಿಚ್ಚಿದರೆ 200 ಗಿಗಾಬೈಟ್ ದಾಟುತ್ತದೆ.

ದುಡ್ಡಿನ ಮಾತು. 2013ರಲ್ಲಿ ಅಡೋಬಿ ತನ್ನ ಸಾಧನಗಳನ್ನು ಮಾರುವುದರಿಂದ ತಿಂಗಳ ಬಾಡಿಗೆಗೆ ಕೊಡುವುದರ ಕಡೆ ಹೊರಳಿತು. ಸಂಪಾದನೆ ಇರುವವರಿಗೆ ಅದು ಖರ್ಚಿನ ಒಂದು ಬಾಬತ್ತು. ಎಎಂವಿಯನ್ನು ಮಾರಲಾಗದು, ಅದರ ಒಂದು ಎಳೆಯೂ ಮಾಡಿದವನದಲ್ಲ. 2005ರಲ್ಲಿ ವಿಂಡ್-ಅಪ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಇವನೆಸೆನ್ಸ್, ಕ್ರೀಡ್ ಮುಂತಾದ ತನ್ನ ತಂಡಗಳ ಹಾಡಿದ್ದ ಎಎಂವಿಗಳನ್ನೆಲ್ಲ ತೆಗೆಯಿರಿ ಎಂದಾಗ ಸಾವಿರಗಟ್ಟಲೆ ಕೆಲಸಗಳು ಕಣ್ಮರೆಯಾದವು. ಇಂಥ ಹವ್ಯಾಸಕ್ಕೆ ತಿಂಗಳ ಬಾಡಿಗೆ ಕಟ್ಟುವುದು, ಕಟ್ಟುವುದು ನಿಲ್ಲಿಸಿದ ದಿನ ತನ್ನದೇ ಪ್ರಾಜೆಕ್ಟನ್ನು ತೆರೆಯಲಾಗದೆ ಕೂರುವುದು, ಬಾಡಿಗೆ ಮನೆಯ ಗೋಡೆಗೆ ಚಿತ್ರ ಬರೆದ ಹಾಗೆ. ಹುಡುಗನಿಗೆ ನಾನು ಹೇಳಿದ್ದು, ಲ್ಯಾಪ್‌ಟಾಪ್ ತಡೆದುಕೊಂಡರೆ ಉಚಿತ ರಿಸಾಲ್ವ್, ತಡೆಯದಿದ್ದರೆ ಅಷ್ಟೇ ಪುಕ್ಕಟೆಯಾದ ಕೆಡೆನ್‌ಲೈವ್.

"ಫೋನಿನ ಆ್ಯಪು ಬೀಟು ತಾನೇ ಹುಡುಕಿ ಕಟ್ ಮಾಡ್ಕೊಡುತ್ತಲ್ಲ" ಎಂದ ಅವನು. ಕೊಡುತ್ತದೆ. ವಾಲ್ಟರ್ ಮರ್ಚ್ ಎಂಬ ಹಾಲಿವುಡ್ ಸಂಕಲನಕಾರ ಒಳ್ಳೆಯ ಕಟ್ಟಿಗೆ ಅಂಕ ಹಂಚಿದ್ದಾರೆ: ಭಾವಕ್ಕೆ 51, ಕಥೆಗೆ 23, ಲಯಕ್ಕೆ ಬರೀ 10, ನೋಡುವವನ ಕಣ್ಣು ಪರದೆಯಲ್ಲಿ ಎಲ್ಲಿದೆ ಎಂಬುದಕ್ಕೆ 7, ಉಳಿದದ್ದು ಚೌಕಟ್ಟು ಮತ್ತು ಜಾಗದ ಲೆಕ್ಕಕ್ಕೆ. ಆ್ಯಪು ನೋಡಿಕೊಳ್ಳುವುದು ಆ ಹತ್ತನ್ನು. ಇದೇ ಮರ್ಚ್ 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು, ಸ್ಟುಡಿಯೊಗಳು ಮೂಗು ಮುರಿಯುತ್ತಿದ್ದ ಸುಮಾರು ಸಾವಿರ ಡಾಲರಿನ ಫೈನಲ್ ಕಟ್ ಪ್ರೊನಲ್ಲಿ ಕತ್ತರಿಸಿದರು, ಸಂಕಲನಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಹಾಡಿನಲ್ಲಿ ಲಯಕ್ಕೆ ಇನ್ನೂ ಹತ್ತು ಅಂಕ ಜಾಸ್ತಿ ಕೊಡೋಣ ಎಂದರೂ ಪ್ರತಿ ಬೀಟಿಗೂ ಕಟ್ ಬಿದ್ದರೆ ಅದು ತರಕಾರಿ ಹೆಚ್ಚುವ ಸದ್ದು. ಒಂದು ಬೀಟನ್ನು ಬೇಕೆಂದೇ ಬಿಟ್ಟು, ಪಾತ್ರ ಕಣ್ಣು ಹೊರಳಿಸುವ ಕಡೆ ಕತ್ತರಿಸಿದಾಗ ಹಾಡು ಆ ಮುಖದ ಒಳಗಿನಿಂದ ಬಂದಂತೆ ಕೇಳಿಸುತ್ತದೆ. ಹುಡುಗ ಇದನ್ನು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ, ಹದಿನೆಂಟು ವರ್ಷಕ್ಕೆ ಬೀಟು ಬಿಡುವುದು ಕಷ್ಟ.

ನಿನ್ನೆ ಸಂಜೆ ಮತ್ತೆ ಬಂದಿದ್ದ. ಹಾಡು 93 ಬೀಟಿನದಂತೆ, ಭಾಗಿಸಿದರೆ ಬರುವ ದಶಾಂಶ ನೋಡಿ ನನ್ನ ಮೇಲೆ ಮುನಿಸಿಕೊಂಡಿದ್ದ. ಕೆಡೆನ್‌ಲೈವ್ ಹಾಕಿಕೊಂಡು 40 ಸೆಕೆಂಡು ಮುಗಿಸಿದ್ದಾನೆ. ಹದಿಮೂರು ಕಂತುಗಳಿಂದ ತುಣುಕು ಬಿಡಿಸಿಟ್ಟದ್ದರಲ್ಲಿ ಲ್ಯಾಪ್‌ಟಾಪಿನ ಹೊಟ್ಟೆ ತುಂಬಿದೆ. ಈಗ ಅವನಿಗೆ ಬೇಕಿರುವುದು ಎರಡು ಟೆರಾಬೈಟಿನ ಹಾರ್ಡ್ ಡಿಸ್ಕ್. "ಅಂಕಲ್, ನಿಮ್ಮ ಹತ್ರ ಒಂದು ಖಾಲಿ ಇದೆ ಅಂದಿದ್ರಲ್ಲ" ಎಂದ. ಅದರಲ್ಲಿ ನನ್ನ ಮದುವೆಯ ಟೇಪು ಡಿಜಿಟಲ್ ಮಾಡಿಸಿ ಇಟ್ಟಿದ್ದೇನೆ ಎಂದು ಹೇಳಿ, ಒಳಗೆ ಹೋಗಿ ಹುಡುಕತೊಡಗಿದೆ.